ಕ್ಯಾಲೆಂಡರಿಗೆ ಚುಚ್ಚಿಟ್ಟ ಸೂಜಿ

ಮೊನ್ನೆ ಏಕಾದಶಿ ಯಾವಾಗ ಬರುತ್ತದೆ ಎಂದು ನೋಡಲು ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಎತ್ತಿದೆ. ಬೆರಳಿಗೆ ಸೂಜಿ ಚುಚ್ಚಿತು. ಉಪವಾಸ ಮಾಡುವ ಪೈಕಿ ನಾನಲ್ಲ. ಆ ಒಂದು ದಿನ ಅವಲಕ್ಕಿಯಲ್ಲಿ ಅಡುಗೆ ಮುಗಿಸಿಬಿಡಬಹುದಲ್ಲ ಎಂಬ ಆಸೆ, ಅಷ್ಟೇ. ಬೆರಳನ್ನು ಬಾಯಿಗಿಟ್ಟುಕೊಂಡು ನೋಡಿದರೆ ಅದೇ ಸೂಜಿ. ಉದ್ದನೆಯದು, ಮೈಯೆಲ್ಲ ತುಕ್ಕು, ಕಣ್ಣಿನಲ್ಲಿ ಇನ್ನೂ ಗೇಣುದ್ದ ಕೆಂಪು ದಾರ ಜೋತುಬಿದ್ದಿದೆ. ಅದನ್ನು ಅಲ್ಲಿ ಚುಚ್ಚಿಟ್ಟವಳು ನಾನೇ. ಬೈದುಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸೂಜಿಯನ್ನು ಕ್ಯಾಲೆಂಡರಿಗೆ ಚುಚ್ಚುವ ಚಾಳಿ ನನಗೆ ಅಮ್ಮನಿಂದ ಬಂದದ್ದು. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಬಸವನಗುಡಿಯ ನಮ್ಮ ಹಳೆಯ ಮನೆಯ ಕ್ಯಾಲೆಂಡರಿನಲ್ಲಿ ದೇವರ ಚಿತ್ರಕ್ಕಿಂತ ಸೂಜಿ, ಸೇಫ್ಟಿ ಪಿನ್ನು, ಒಂಟಿ ಹುಕ್ಕುಗಳೇ ಹೆಚ್ಚು. ಲಕ್ಷ್ಮಿಯ ಕೈಯಲ್ಲಿರುವ ಕಮಲಕ್ಕೆ ಅಮ್ಮ ಒಂದು ಸೂಜಿ ಚುಚ್ಚಿ ಚುಚ್ಚಿ, ವರ್ಷದ ಕೊನೆಗೆ ಕಮಲವೇ ಜರಡಿಯಾಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ನಂಬಿಕೆ. ಸಂಜೆ ಹೊತ್ತು ಪಕ್ಕದ ಮನೆಯವರು ಬ್ಲೌಸಿನ ಗುಂಡಿ ಹಿಡಿದುಕೊಂಡು ಬಂದು ನಿಂತರೆ ಅಮ್ಮ ಬಾಯಿ ಬಿಡದೆ ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು, ಅವರೂ ಬಾಯಿ ಬಿಡದೆ ಕಿತ್ತುಕೊಂಡು ಹೋಗುತ್ತಿದ್ದರು. ಕೊಟ್ಟ ಹಾಗೂ ಆಗಲಿಲ್ಲ, ಇಲ್ಲವೆಂದ ಹಾಗೂ ಆಗಲಿಲ್ಲ. ಇಷ್ಟು ಜಾಣತನ ನನಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈ ಸೂಜಿ ನನ್ನದಲ್ಲ. ಓಕಳಿಪುರದ ಚಂದ್ರಮ್ಮನದು. ಅದು ನಮ್ಮ ಮನೆಗೆ ಹೇಗೆ ಬಂತು ಎಂದು ಹೇಳಬೇಕಾದರೆ ಮೊದಲು ಪಡಸಾಲೆಯ ವಿಷಯ ಹೇಳಬೇಕು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹಳೆಯ ಮನೆಯೊಂದರ ಮುಂಭಾಗದ ಹಜಾರ ಅದು. ಕೆಂಪು ಗಾರೆ ನೆಲ, ಎರಡು ಕಂಬ, ರಸ್ತೆಗೆ ತೆರೆಯುವ ನಾಲ್ಕು ಕಿಟಕಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ಏನೋ ದೊಡ್ಡ ಹೆಸರಿದೆ, ಕರಕುಶಲ ತರಬೇತಿ ಅಂತೆಲ್ಲ. ಅದನ್ನು ಓದಿದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅದು ಪಡಸಾಲೆ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ಐದು. ಕಲಿಸುವವರಿಗೆ ಸಂಬಳವಿಲ್ಲ, ಕಲಿಯುವವರಿಗೆ ಫೀಸಿಲ್ಲ. ಬಂದವರು ಚಾಪೆ ಹಾಸಿಕೊಂಡು ಕೂತು ಹೊಲಿಯುವುದು, ಹೆಣೆಯುವುದು, ಕಸೂತಿ ಹಾಕುವುದು, ಮಾತಾಡುವುದು. ಕೊನೆಯದು ಹೆಚ್ಚು.

ಅದನ್ನು ಶುರುಮಾಡಿದವರು ಅಕ್ಕೋರು. ಹಳಿಯಾಳದ ಕಡೆಯವರು, ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವರು. ಆ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರಂತೆ. ಆ ಹೆಸರೇ ಅವರ ಜೊತೆ ಬೆಂಗಳೂರಿಗೂ ಬಂತು. ಮದುವೆಯಾಗಿ ಈ ಮನೆಗೆ ಬಂದ ಅವರು, ಗಂಡ ತೀರಿಕೊಂಡ ಮೇಲೆ, ಇಷ್ಟು ದೊಡ್ಡ ಹಜಾರದಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಬೀದಿಯ ಐದಾರು ಹೆಂಗಸರನ್ನು ಕರೆದು ಕೌದಿ ಕಲಿಸಲು ಕೂತರು. ನಮ್ಮಜ್ಜಿ ಬೊಂತೆ ಅನ್ನುತ್ತಿದ್ದುದನ್ನೇ ಅವರು ಕೌದಿ ಎನ್ನುತ್ತಿದ್ದರು. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಒಂದು ದೊಡ್ಡ ಬಟ್ಟೆಯ ಮೇಲೆ ಕೂಡಿಸುತ್ತ, ಕೈಯಲ್ಲೇ ಸಾಲು ಸಾಲಾಗಿ ಹೊಲಿಯುವ ಹೊದಿಕೆ. ಅವರ ಪದ್ಧತಿಯಲ್ಲಿ ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ಹಾಕುತ್ತ ಒಳಗೆ ಬರಬೇಕು. ಎಲ್ಲಕ್ಕಿಂತ ಕೊನೆಗೆ ನಟ್ಟನಡುವಿನ ಚೌಕ. ಅದನ್ನು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ ಇಡಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ.

ಪಡಸಾಲೆಯಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾರದು ಕೆಲಸವೋ ಅವರೇ ಮುಗಿಸಬೇಕು. ತಪ್ಪಿದರೆ ಬಿಚ್ಚಿಕೊಡಬಹುದು, ತೋರಿಸಿಕೊಡಬಹುದು, ದಾರ ಪೋಣಿಸಿಕೊಡಬಹುದು, ಮುಗಿಸಿಕೊಡುವ ಹಾಗಿಲ್ಲ. “ಮಂದೀ ಕೌದಿಗೆ ಕೊನೀ ಗಂಟು ಹಾಕಬ್ಯಾಡವಾ, ಅದು ಅವರದು” ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಹೀಗಾಗಿ ಅರ್ಧ ಮಾಡಿ ಬಿಟ್ಟುಹೋದದ್ದೆಲ್ಲ ಗೋಡೆಯ ಬೀರುವಿನಲ್ಲಿ ಕೂಡುತ್ತಾ ಹೋಯಿತು. ಮದುವೆಯಾಗಿ ಹೋದವಳ ಒಂದು ತೋಳಿನ ಸ್ವೆಟರು, ಕಣ್ಣು ಮಂಜಾದವರ ಮೇಜಿನ ಹೊದಿಕೆ, ಮೂರು ಕಾಲು ಹೆಣೆದ ಬೆತ್ತದ ಸ್ಟೂಲು. ಒಂದೊಂದಕ್ಕೂ ಅಕ್ಕೋರು ಒಂದು ಚೀಟಿ ಬರೆದು ಪಿನ್ನು ಹಾಕುತ್ತಿದ್ದರು. ಹೆಸರು, ಯಾವ ಬಡಾವಣೆ, ಮನೆಯ ಗುರುತು, ಕೆಳಗೆ “ಬರ್ತಾಳ.” ಎಲ್ಲ ಚೀಟಿಯಲ್ಲೂ ಅದೇ. ಒಬ್ಬಳು ದುಬೈಗೇ ಹೋಗಿ ನೆಲೆಸಿದ್ದಳು, ಅವಳ ದಿಂಬಿನ ಚೀಲದ ಮೇಲೂ ಬರ್ತಾಳ.

ನಾನು ಅಲ್ಲಿಗೆ ಸೇರಿದ್ದು ಹದಿನಾರು ವರ್ಷದ ಹಿಂದೆ, ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ. ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ಮೇಲೆ ಕಣ್ಣಿಟ್ಟು ಬದುಕಿದವಳು ನಾನು. ನನ್ನ ಮೇಜಿನ ಮೇಲೆ ಸಂಜೆಗೆ ಬಾಕಿ ಎಂಬುದು ಇರುತ್ತಿರಲಿಲ್ಲ, ಅದೇ ನನ್ನ ಹೆಗ್ಗಳಿಕೆ. ಮನೆಯಲ್ಲೂ ಹಾಗೆಯೇ, ತಳದಲ್ಲಿ ಒಂದು ಚಮಚ ಉಪ್ಪಿನಕಾಯಿ ಉಳಿದ ಜಾಡಿಯನ್ನು ನೋಡಿದರೆ ನನಗೆ ನಿದ್ದೆ ಬರುವುದಿಲ್ಲ, ಅನ್ನಕ್ಕೆ ಕಲಸಿ ತಿಂದು ಜಾಡಿ ತೊಳೆದಿಟ್ಟೇ ಮಲಗುತ್ತೇನೆ. ಇಂಥವಳನ್ನು ಅರ್ಧ ಕೆಲಸಗಳ ಬೀರುವಿನ ಪಕ್ಕದಲ್ಲಿ ಕೂರಿಸಿದರೆ ಏನಾದೀತು ಎಂದು ಅಕ್ಕೋರಿಗೆ ಹೊಳೆಯಬೇಕಿತ್ತು.

ಐದು ವರ್ಷದಲ್ಲಿ ಅವರು ತೀರಿಕೊಂಡರು. ಮನೆ ಅವರ ಗಂಡನ ಕಡೆಯ ಹುಡುಗನಿಗೆ ಹೋಯಿತು; ಒಳ್ಳೆಯವನು, ನಡೆಸುವಷ್ಟು ದಿನ ನಡೆಸಿ ಎಂದ. ಬೀಗದ ಕೈ ನನ್ನ ಹತ್ತಿರ ಬಂತು. ಬಂತು ಅಂದರೆ, ಅವರ ವೈಕುಂಠ ಸಮಾರಾಧನೆಯ ದಿನ ಎಲೆ ಮುಂದೆ ಕೂತಿದ್ದಾಗ ಯಾರೋ ನನ್ನ ಕೈಗೆ ಕೊಟ್ಟರು, ಊಟವಾಗುವ ತನಕ ಹಿಡಿದುಕೊಂಡಿರಿ ಎಂದರು. ಹನ್ನೊಂದು ವರ್ಷವಾಯಿತು, ಇಸಿದುಕೊಳ್ಳಲು ಅವರು ಇನ್ನೂ ಬಂದಿಲ್ಲ.

ಸ್ವಯಂಸೇವೆ ಎಂಬ ಮಾತು ಕೇಳಲು ಚೆನ್ನಾಗಿದೆ. ನಾನು ಕಂಡಂತೆ, ಇಲ್ಲ ಎನ್ನಲು ಬಾರದವರು ಮಾಡುವ ಕೆಲಸಕ್ಕೆ ಆ ಹೆಸರು. ಬಸವನಗುಡಿಯಿಂದ ಚಾಮರಾಜಪೇಟೆಗೆ ಆಟೋ ಬರುವುದಿಲ್ಲ, ಹತ್ತಿರವಾಯಿತಂತೆ. ನಡೆಯೋಣವೆಂದರೆ ನನ್ನ ಮಂಡಿಗೆ ಅದು ದೂರ. ಹೋಗಿ ಬೀಗ ತೆಗೆದು, ಕಸ ಗುಡಿಸಿ, ಕುಡಿಯುವ ನೀರು ತುಂಬಿಟ್ಟು, ಕತ್ತರಿ ಎಣಿಸಿ, ಬಂದವರಿಗೆ ಸೂಜಿ ಕೊಟ್ಟು, ಹೋಗುವಾಗ ನೆಲದ ಮೇಲೆ ಸೂಜಿ ಬಿದ್ದಿದೆಯೇ ಎಂದು ಬಗ್ಗಿ ಹುಡುಕಿ, ಕಿಟಕಿ ಹಾಕಿ ಬರುವುದು. ಮೊದಲು ಮೂವತ್ತು ಜನ ಬರುತ್ತಿದ್ದಲ್ಲಿ ಈಗ ಎಂಟು, ಹತ್ತು. ಅವರಲ್ಲಿ ಇಬ್ಬರು ಬರುವುದು ಫ್ಯಾನಿಗೆ. ನನಗೆ ಸಾಕಾಗಿತ್ತು. ನಿಜ ಹೇಳುತ್ತೇನೆ, ಮೂರು ನಾಲ್ಕು ವರ್ಷದಿಂದ ಸಾಕಾಗಿತ್ತು. ಈ ದೀಪಾವಳಿಗೆ ಬೀಗದ ಕೈ ಬಿಟ್ಟುಬಿಡುತ್ತೇನೆ, ಯಾರಾದರೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಚ್ಚಿಬಿಡೋಣ ಎಂದು ಯುಗಾದಿಯ ಹೊತ್ತಿಗೇ ಎಲ್ಲರಿಗೂ ಹೇಳಿದೆ. ಎಲ್ಲರೂ ಅಯ್ಯೋ ಎಂದರು. ಕೈ ಚಾಚಿದವರು ಒಬ್ಬರೂ ಇಲ್ಲ.

ಹೋಗುವವಳು ಸುಮ್ಮನೆ ಹೋಗಬಹುದಿತ್ತು. ಆದರೆ ಬಾಕಿ ಬಿಟ್ಟು ಹೋಗುವುದು ನನ್ನ ಜಾಯಮಾನವಲ್ಲವಲ್ಲ. ಬೀರು ತೆರೆದು ನೋಡಿದೆ. ಹುಳು ಹಿಡಿದದ್ದು, ಇಲಿ ತಿಂದದ್ದು ಬಿಟ್ಟು ಏಳು ಕೆಲಸ ಗಟ್ಟಿಯಾಗಿದ್ದವು. ಇಷ್ಟು ವರ್ಷ ಬಾರದವರು ಇನ್ನು ಬಂದಾರೆಯೇ. ಇವನ್ನು ಮುಗಿಸಿಬಿಟ್ಟರೆ, ಚೀಟಿಯಲ್ಲಿರುವವರು ಸಿಕ್ಕರೆ ಅವರಿಗೆ, ಸಿಗದಿದ್ದರೆ ಹೊದೆಯಲು ಇಲ್ಲದವರಿಗೆ ಕೊಟ್ಟು, ಖಾಲಿ ಬೀರುವಿಗೆ ನಮಸ್ಕಾರ ಮಾಡಿ ಹೊರಟುಬಿಡಬಹುದು ಎಂದುಕೊಂಡೆ. ಪುಣ್ಯದ ಕೆಲಸ ಎಂದು ಬೇರೆ ಅನ್ನಿಸಿತು.

ಪದ್ಮಿನಿ ಬೇಡವೆಂದಳು. ಅವಳು ಮಲ್ಲೇಶ್ವರದಿಂದ ಮೆಟ್ರೊದಲ್ಲಿ ಬರುವ ನನ್ನ ಗೆಳತಿ, ಪಡಸಾಲೆಯಲ್ಲಿ ಕ್ರೋಶ ಹೆಣಿಗೆ ಕಲಿಸುತ್ತಾಳೆ, ಬಾಯಿ ಸ್ವಲ್ಪ ಜಾಸ್ತಿ.

“ಅದನ್ನ ಮುಟ್ಬೇಡ ಕಣೇ ವತ್ಸಲಾ. ಅಕ್ಕೋರು ಮೇಲಿಂದ ನೋಡ್ತಿರ್ತಾರೆ.”

“ನೋಡ್ತಿದ್ರೆ ಬಂದು ಬೀಗದ ಕೈ ಇಸ್ಕೊಳ್ಳಲಿ” ಎಂದೆ.

ಏಳನ್ನೂ ಮನೆಗೆ ತಂದೆ. ಬೇಸಿಗೆಯಿಡೀ ಕೂತು ಒಂದೊಂದಾಗಿ ಮುಗಿಸಿದೆ. ಕೊನೆಗೆ ಉಳಿದದ್ದು ಒಂದು ದೊಡ್ಡ ಕೌದಿ. ಚೀಟಿಯಲ್ಲಿ “ಚಂದ್ರಮ್ಮ, ಓಕಳಿಪುರಂ, ರೈಲ್ವೆ ಗೋಡೆ ಪಕ್ಕದ ಸಾಲು, ಬರ್ತಾಳ” ಎಂದಿತ್ತು. ಆಕೆ ನನಗೆ ಮಸುಕಾಗಿ ನೆನಪಿದ್ದಳು. ಯಾವುದೋ ಆಸ್ಪತ್ರೆಯಲ್ಲಿ ಆಯಾ ಕೆಲಸ, ರಜೆ ಸಿಕ್ಕ ದಿನ ಬಂದು ಕಿಟಕಿಯ ಪಕ್ಕ ಕೂರುತ್ತಿದ್ದಳು, ಅಕ್ಕೋರ ಹತ್ತಿರ ಮಾತ್ರ ಮಾತು. ಹನ್ನೆರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದಳು. ಕೌದಿ ಮುಕ್ಕಾಲು ಮುಗಿದಿತ್ತು. ಹೊರ ಅಂಚಿಗೆ ಖಾಕಿ, ಆಮೇಲೆ ಯಾರದೋ ಹಳೆಯ ಇಳಕಲ್ ಸೀರೆ, ಆಮೇಲೆ ಶಾಲೆಯ ನೀಲಿ ಲಂಗ, ಹೂಹೂವಿನ ಮಕ್ಕಳ ಫ್ರಾಕು. ಒಳಗಿನ ಎಂಟು ಹತ್ತು ಸುತ್ತು ಹೊಲಿಗೆ ಬಾಕಿ, ನಡುವಿನ ಚೌಕ ಪೂರ್ತಿ ಬೋಳು. ನಿಲ್ಲಿಸಿದ ಜಾಗದಲ್ಲಿ ಸೂಜಿ ಹಾಗೆಯೇ ಚುಚ್ಚಿಕೊಂಡಿತ್ತು. ತುಕ್ಕು ಹಿಡಿದ ಅದನ್ನು ಕಿತ್ತು ಕ್ಯಾಲೆಂಡರಿಗೆ ಸಿಕ್ಕಿಸಿ, ಹೊಸ ಸೂಜಿ ತೆಗೆದುಕೊಂಡೆ.

ನಡುವಿಗೆ ಏನು ಹಾಕುವುದು ಎಂದು ಎರಡು ದಿನ ಯೋಚಿಸಿದೆ. ಪಾಪ, ತುಂಡು ಸಿಗದೆ ಬಿಟ್ಟಿರಬೇಕು ಅನ್ನಿಸಿತು. ಟ್ರಂಕಿನಲ್ಲಿ ನನ್ನ ಹಳೆಯ ಧರ್ಮಾವರಂ ಸೀರೆಯ ಸೆರಗಿತ್ತು, ಜರಿ ಇನ್ನೂ ಹೊಳೆಯುತ್ತಿತ್ತು. ಅದರಿಂದ ಒಂದು ಚೌಕ ಕತ್ತರಿಸುವಾಗ ನನ್ನ ಧಾರಾಳತನಕ್ಕೆ ನನಗೇ ಕಣ್ಣು ಒದ್ದೆಯಾಯಿತು. ಅಕ್ಕಿ ಇಟ್ಟೆ, ಮುಚ್ಚಿದೆ, ಕೊನೆಯ ಗಂಟು ಹಾಕಿ ಹಲ್ಲಿನಲ್ಲಿ ದಾರ ಕತ್ತರಿಸಿದೆ. ಅಂಗಡಿಯಲ್ಲಿಟ್ಟರೆ ಜನ ಮುಗಿಬಿದ್ದು ಕೇಳುವಂತಿತ್ತು.

ಚಂದ್ರಮ್ಮ ಬಂದದ್ದು ಆಷಾಢದ ಒಂದು ಶುಕ್ರವಾರ.

ನಾನು ಗುರುತಿಸಲಿಲ್ಲ. ತಲೆ ನರೆತಿತ್ತು, ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ಜವಳಿ ಅಂಗಡಿಯ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗುರುತು ಸಿಕ್ಕಿತೇ ಎಂದು ಕೇಳಿದಳು. ಓಹೋ ಎಂದು ಸುಳ್ಳು ಹೇಳಿದೆ. ಹೆಸರು ಹೇಳಿದ ಮೇಲೆ ನಿಜವಾಗಿಯೂ ಸಿಕ್ಕಿತು. ಆಗ ಡ್ಯೂಟಿ ಬದಲಾಯಿಸಿದರಂತೆ, ರಾತ್ರಿ ಪಾಳಿ, ಆಮೇಲೆ ಮಗಳ ಬಾಣಂತನ, ಆಮೇಲೆ ಕೊರೋನಾ. ಹೋದ ತಿಂಗಳು ರಿಟೈರಾದಳಂತೆ. ಇನ್ನು ಮೇಲೆ ಟೈಮೇ ಟೈಮು ಎಂದು ನಕ್ಕಳು. ನಗುತ್ತಲೇ ಅವಳ ಕಣ್ಣು ಬೀರುವಿನ ಕಡೆ ಹೋಯಿತು.

ನನಗೋ ಹಿಗ್ಗು. ನಿಮಗೊಂದು ಸರ್‌ಪ್ರೈಸ್ ಇದೆ ಎಂದು, ಮಡಿಸಿಟ್ಟಿದ್ದ ಕೌದಿಯನ್ನು ತಂದು ಅವಳ ಮುಂದೆ ಬಿಡಿಸಿ ಹಾಸಿದೆ. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಚಂದ್ರಮ್ಮ ಕೂತಳು. ಖಾಕಿ ಮುಟ್ಟಿದಳು, ನೀಲಿ ಮುಟ್ಟಿದಳು, ಕೈ ನಡುವಿಗೆ ಬಂದು ಜರಿಯ ಮೇಲೆ ನಿಂತಿತು. ಆಮೇಲೆ, ಚೆನ್ನಾಗಿ ಮಾಡಿದ್ದೀರಿ ಮೇಡಂ ಎಂದಳು. ಆ ದನಿ ಕೇಳಿದ ಮೇಲೆ ನನಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು.

ಅವಳು ಚೀಲದಿಂದ ಒಂದು ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಿಳಿಯದು, ನೀಲಿ ಅಂಚು, ಒಗೆದೂ ಒಗೆದೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಆಸ್ಪತ್ರೆಯ ಆಯಾಗಳ ಸೀರೆ.

“ಮನೆಯವ್ರದೆಲ್ಲ ಹಾಕಿದ್ದೆ ಮೇಡಂ. ನಂದೊಂದ್ ಹಾಕಿರ್ಲಿಲ್ಲ. ಆಸ್ಪತ್ರೆ ಕೆಲ್ಸ ಮುಗಿಯೋ ದಿನ ಉಟ್ಕೊಂಡಿರೋ ಸೀರೆ ನಡೂಕೆ ಹಾಕೋಣ ಅಂತ ಬಿಟ್ಟಿದ್ದೆ. ಅಕ್ಕೋರಿಗೆ ಗೊತ್ತಿತ್ತು.”

ಕಿತ್ತುಬಿಡೋಣ, ಈಗಲೇ ಜರಿ ತುಂಡು ಕಿತ್ತು ಇದನ್ನು ಹಾಕೋಣ ಎಂದು ನಾನು ಕತ್ತರಿಗೆ ಕೈ ಹಾಕಿದೆ. ಅವಳು ಬೇಡವೆಂದಳು. ಸೀರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕೌದಿಯನ್ನೂ ಮಡಿಸಿ ನನ್ನ ಕೈಗೆ ಕೊಟ್ಟಳು.

“ಇರ್ಲಿ ಬಿಡಿ. ಹೊದ್ಕೊಳ್ಳೋಕಿಲ್ದೋರಿಗೆ ಯಾರಿಗಾದ್ರೂ ಕೊಡಿ.”

ಎಲ್ಲರಿಗೂ ಬರುತ್ತೇನೆ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಒಂದು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಎನ್ನುತ್ತಾರಲ್ಲ, ಅದು. ಆದರೆ ತಪ್ಪನ್ನು ಒಪ್ಪಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಮೊದಲು ಸಿಟ್ಟೇ ಬಂತು. ಧರ್ಮಾವರಂ ಸೆರಗು ಕತ್ತರಿಸಿ ಹಾಕಿದರೆ ಇಷ್ಟು ಬಿಗುಮಾನವೇ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಹನ್ನೆರಡು ವರ್ಷ ಬಾರದೆ ಇದ್ದದ್ದು ಯಾರ ತಪ್ಪು ಎಂದು ಪದ್ಮಿನಿಯ ಮೇಲೆ ರೇಗಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಅವಳು ಎಂದಿನಂತೆ ತಿರುಗಿ ಮಾತಾಡಲಿಲ್ಲ, ಕ್ರೋಶ ಕಡ್ಡಿ ಆಡಿಸುತ್ತ ಕೂತಿದ್ದಳು. ಅವಳು ಸುಮ್ಮನಿದ್ದರೆ ನನ್ನದೇ ತಪ್ಪು ಎಂದು ಅರ್ಥ, ಮೂವತ್ತು ವರ್ಷದ ಅನುಭವ.

ಆಮೇಲೆ ನಾಚಿಕೆ ಬಂತು. ಕೌದಿಗಿಂತ ಬೇರೆಯದೇ ವಿಷಯಕ್ಕೆ. ಆ ಹೆಂಗಸು ನಾಲ್ಕು ವರ್ಷ ನಮ್ಮ ಜೊತೆ ಕೂತು ಹೊಲಿದಿದ್ದಳು. ಯಾವ ಆಸ್ಪತ್ರೆ, ಯಾವ ವಾರ್ಡು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ನಾನು ಒಂದು ದಿನ ಕೇಳಿದವಳಲ್ಲ. ನಮ್ಮ ಬಾಯಲ್ಲಿ ಅವಳು ಓಕಳಿಪುರದವಳು, ಅಷ್ಟೇ. ಬೋಳು ಚೌಕ ಕಂಡಾಗ ತುಂಡು ಸಿಗದೆ ಬಿಟ್ಟಿದ್ದಾಳೆ ಎಂದು ನನಗೆ ಹೊಳೆಯಿತೇ ಹೊರತು, ಬೇಕೆಂದೇ ಬಿಟ್ಟಿರಬಹುದು ಎಂದು ಹೊಳೆಯಲೇ ಇಲ್ಲ. ಪದ್ಮಿನಿಯ ಕೌದಿಯಾಗಿದ್ದರೆ ಫೋನು ಮಾಡಿ ಕೇಳುತ್ತಿದ್ದೆ. ಇದನ್ನು ಯೋಚಿಸಿದ ದಿನ ಊಟ ಸೇರಲಿಲ್ಲ.

ಬಿಚ್ಚಲು ಕೂತೆ. ಜರಿ ತುಂಡಿನ ಜೊತೆಗೆ ನಾನು ಹಾಕಿದ ಸುತ್ತನ್ನೆಲ್ಲ ಬಿಚ್ಚಿ, ಅವಳು ಬಿಟ್ಟುಹೋದ ಹಾಗೆಯೇ ಮಾಡಿಕೊಡಬೇಕು ಎಂದು ನಿಶ್ಚಯ. ನಡುವಿನ ಚೌಕ ಸುಲಭವಾಗಿ ಬಂತು. ಬಿಚ್ಚಿದಾಗ ನಾನಿಟ್ಟ ನಾಲ್ಕು ಕಾಳು ಅಕ್ಕಿ ಮಡಿಲಿಗೆ ಉದುರಿದವು. ಅವನ್ನು ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಹಾಕಿದೆ. ತೊಂದರೆ ಶುರುವಾದದ್ದು ಆಮೇಲೆ. ನನ್ನ ಹೊಲಿಗೆ ಎಲ್ಲಿ ಮುಗಿಯುತ್ತದೆ, ಅವಳದು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತೇ ಆಗಲಿಲ್ಲ. ಇಬ್ಬರಿಗೂ ಕಲಿಸಿದ್ದು ಅಕ್ಕೋರು, ಇಬ್ಬರದೂ ಅದೇ ಅಕ್ಕಿಕಾಳಿನ ಅಳತೆ, ಅದೇ ಕೆಂಪು ದಾರ. ಹುಬ್ಬಿನ ಮೇಲೆ ಕೈ ಇಟ್ಟುಕೊಂಡು, ಭೂತಗನ್ನಡಿ ಹಿಡಿದುಕೊಂಡು ಹುಡುಕಿದೆ. ನನ್ನ ಇಷ್ಟು ವರ್ಷದ ಕೈಚಳಕದ ಹೆಮ್ಮೆ ಅಲ್ಲಿಗೆ ಇಳಿಯಿತು. ಆಯಾ ಕೆಲಸದ ನಡುವೆ ರಜೆಯ ದಿನ ಬಂದು ಹೊಲಿದವಳ ಕೈ ನನ್ನ ಕೈಗೆ ಸರಿಸಮವಾಗಿತ್ತು. ಅವಳದನ್ನು ಒಂದು ಹೊಲಿಗೆ ಬಿಚ್ಚಿದರೂ ಇನ್ನೊಂದು ತಪ್ಪು, ನನ್ನದನ್ನು ಒಂದು ಉಳಿಸಿದರೂ ತಪ್ಪೇ.

ಕೊನೆಗೆ ತೋರಿಸಿಕೊಟ್ಟದ್ದು ತುಕ್ಕು. ನೀಲಿ ಲಂಗದ ತುಂಡಿನ ಮೇಲೆ ಎರಡು ಕಡೆ ಕಂದು ಚುಕ್ಕೆ, ನಡುವೆ ಒಂದು ತೆಳ್ಳನೆ ಗೆರೆ. ಹನ್ನೆರಡು ವರ್ಷ ಸೂಜಿ ಮಲಗಿದ್ದ ಜಾಗ. ಅಲ್ಲಿಯ ತನಕ ಬಿಚ್ಚಿ ಕೈ ನಿಲ್ಲಿಸಿದೆ. ಮುಗಿಸಲು ಎಂಟು ದಿನ ಹಿಡಿದದ್ದನ್ನು ಬಿಚ್ಚಲು ಮೂರು ವಾರ ಬೇಕಾಯಿತು.

ಒಂದು ಬುಧವಾರ ಕೌದಿಯನ್ನು ಹೊತ್ತು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ನಡೆದೆ. ಚೀಟಿಯಲ್ಲಿದ್ದ ರೈಲ್ವೆ ಗೋಡೆಯ ಸಾಲು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸಿದರು. ಆಯಾ ಚಂದ್ರಮ್ಮ ಎಂದೆ. ಒಬ್ಬ ಹೂವಿನವಳು ಸೀದಾ ಮನೆ ಬಾಗಿಲಿಗೇ ತಂದು ಬಿಟ್ಟಳು. ತನ್ನ ಎರಡು ಹೆರಿಗೆಯಲ್ಲೂ ಕೈ ಹಿಡಿದು ನಿಂತವಳು ಆಕೆಯೇ ಎಂದು ದಾರಿಯುದ್ದಕ್ಕೂ ಹೇಳಿದಳು. ಯಾವ ವಾರ್ಡು ಎಂಬುದು ಹಾಗೆ ನನಗೆ ಗೊತ್ತಾಯಿತು.

ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ಅವಳ ಗಂಡ, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು, ಆದರೆ ಅವರ ಖಾಕಿ ಅಂಗಿಯನ್ನು ಹನ್ನೆರಡು ವರ್ಷದಿಂದ ಬಲ್ಲೆ. ಒಳಗೆ ಒಂದೇ ಕೋಣೆ, ಅದರಲ್ಲಿ ಮಂಚ, ಬೀರು, ಟೀವಿ, ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಅಂದಿನ ಮಲ್ಲಿಗೆ. ರೈಲು ಬಂದಾಗಲೆಲ್ಲ ಗಂಡ ಹೆಂಡತಿ ಇಬ್ಬರೂ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ರೈಲು ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ಆ ಕಲೆ ನನಗಿರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತು ಒಂದು ಎಕ್ಸ್‌ಪ್ರೆಸ್ ರೈಲಿನ ಕೆಳಗೆ ಸಿಕ್ಕಿ ಪುಡಿಯಾಯಿತು. ತಪ್ಪಾಯಿತು ಚಂದ್ರಮ್ಮ ಎಂದಷ್ಟೇ ಹೇಳಿ ಕೌದಿಯನ್ನು ಮಂಚದ ಮೇಲೆ ಇಟ್ಟೆ.

ಅವಳು ಹಾಸಿ ನೋಡಲಿಲ್ಲ. ಒಂದು ಮೂಲೆಯಿಂದ ಮಗುಚುತ್ತ ಮಗುಚುತ್ತ ಒಳಗೆ ಬಂದು, ಬೋಳು ಚೌಕ ಕಂಡು, ಹೆಬ್ಬೆರಳನ್ನು ತುಕ್ಕಿನ ಗೆರೆಯ ಮೇಲೆ ಇಟ್ಟಳು.

“ಇಲ್ಲೇ ಬಿಟ್ಟಿದ್ದೆ” ಎಂದಳು.

ನನ್ನ ಸೂಜಿಯ ತೂತುಗಳು ಸಾಲಾಗಿ ಹಾಗೆಯೇ ಉಳಿದಿದ್ದವು. ಒಮ್ಮೆ ಒಗೆದರೆ ಮುಚ್ಚಿಕೊಳ್ಳುತ್ತವೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಕಾಫಿ ಬಂತು. ನಾನು ಹೇಳಬೇಕಾದದ್ದು ಇನ್ನೊಂದಿತ್ತು. ದೀಪಾವಳಿಗೆ ಪಡಸಾಲೆ ಮುಚ್ಚುತ್ತೇವೆ, ಆದ್ದರಿಂದ ಮನೆಯಲ್ಲೇ ಕೂತು ಮುಗಿಸಿಕೊಳ್ಳಿ, ದಾರ ಸೂಜಿ ನಾನೇ ತಂದಿದ್ದೇನೆ ಎಂದು. ಬಾಯಿ ತೆರೆಯುವಷ್ಟರಲ್ಲಿ ಅವಳು ಮಂಚ, ಬೀರು, ನಡುವೆ ಇದ್ದ ಎರಡು ಚಾಪೆಯಗಲದ ನೆಲವನ್ನು ಒಮ್ಮೆ ನೋಡಿ ನಕ್ಕಳು.

“ಇಲ್ಲೆಲ್ಲಿ ಹರಡೋಕಾಗುತ್ತೆ ಮೇಡಂ. ಅಲ್ಲೇ ಬರ್ತೀನಿ. ಶುಕ್ರವಾರ ಬೀಗ ತೆಗ್ದಿರ್ತೀರ ತಾನೆ?”

ರೈಲು ಬಂತು. ಅದು ಪೂರ್ತಿ ಹೋಗುವ ತನಕ ಮೂವರೂ ಕಾದೆವು. ಇಷ್ಟು ಉದ್ದದ ರೈಲನ್ನು ನಾನು ನೋಡಿಲ್ಲ.

“ತೆಗ್ದಿರ್ತೀನಿ” ಎಂದೆ.

ಬರುವಾಗ ಕಾಲು ಎಳೆದುಕೊಂಡೇ ಬಂದೆ. ಕೌದಿ ಮತ್ತೆ ನನ್ನ ಹೆಗಲ ಮೇಲೇ ಇತ್ತು.

ದೀಪಾವಳಿ ಬಂದು ಹೋಯಿತು. ಚಂದ್ರಮ್ಮ ಶುಕ್ರವಾರ ತಪ್ಪಿಸುವುದಿಲ್ಲ. ಬಂದು, ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಕೂತು, ಸರಿಯಾಗಿ ಅರ್ಧ ಸುತ್ತು ಹಾಕಿ ನಿಲ್ಲಿಸುತ್ತಾಳೆ. ಕೈ ನೋವೇ ಎಂದು ಕೇಳಿದೆ, ಇಲ್ಲವಂತೆ. ಇಷ್ಟು ದಿನ ಗಡಿಯಾರ ನೋಡಿಕೊಂಡು ಓಡಿದ್ದಾಯಿತು, ಇದೊಂದನ್ನಾದರೂ ನಿಧಾನವಾಗಿ ಮಾಡುತ್ತೇನೆ ಎನ್ನುತ್ತಾಳೆ. ಉಳಿದ ಹೊತ್ತು ಬೇರೆಯವರ ಸೂಜಿಗೆ ದಾರ ಪೋಣಿಸುತ್ತಾಳೆ, ಮಾತಾಡುತ್ತಾಳೆ. ಹೆರಿಗೆ ವಾರ್ಡಿನ ಕಥೆ ಕೇಳಲು ಈಗ ಪಡಸಾಲೆಗೆ ಹದಿನೈದು ಜನ ಬರುತ್ತಾರೆ, ಅಂದರೆ ಹದಿನೈದು ಜನಕ್ಕೆ ನೀರು ತುಂಬಿಡಬೇಕು. ನನ್ನ ಮಂಡಿಯ ಕಥೆ ಯಾರೂ ಕೇಳುವುದಿಲ್ಲ.

ನಾನು ಮೂಲೆಯಲ್ಲಿ ಕೂತು ಬಿಚ್ಚುತ್ತಿದ್ದೇನೆ. ಉಳಿದ ಆರು ಇವೆಯಲ್ಲ. ಒಂದು ತೋಳಿನ ಸ್ವೆಟರಿಗೆ ನಾನು ಹೆಣೆದಿದ್ದ ಎರಡನೆಯ ತೋಳು ಬಿಚ್ಚಿದ್ದಾಯಿತು, ಬೆತ್ತದ ಸ್ಟೂಲಿನ ನಾಲ್ಕನೆಯ ಕಾಲೂ ಆಯಿತು. ದುಬೈಯವಳ ದಿಂಬಿನ ಚೀಲ ಈಗ ಕೈಯಲ್ಲಿದೆ. ಅವಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಏನು ಬಿಟ್ಟುಹೋಗಿದ್ದಳೋ ಅದು ಇರಬೇಕು. ಅರವತ್ತೇಳನೆಯ ವಯಸ್ಸಿನಲ್ಲಿ ಮುಗಿದ ಕೆಲಸವನ್ನು ಅರ್ಧ ಮಾಡುತ್ತ ಕೂತಿದ್ದೇನೆ ಎಂದು ಪದ್ಮಿನಿ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ, ನಗಲಿ.

ಕಳೆದ ಶುಕ್ರವಾರ ಚಂದ್ರಮ್ಮ ನಡುವಿಗೆ ಬಂದಳು. ಬಿಳಿ ಸೀರೆಯಿಂದ ನೀಲಿ ಅಂಚು ಸೇರಿದಂತೆ ಒಂದು ಚೌಕ ಕತ್ತರಿಸಿದಳು. ಕತ್ತರಿಸುವಾಗ ನಾನು ಬೇರೆ ಕಡೆ ನೋಡಿದೆ. ಮೂರು ಬದಿ ಹೊಲಿದಳು. ಸೆರಗಿನ ತುದಿಯ ಗಂಟು ಬಿಚ್ಚಿ ಮನೆಯಿಂದ ತಂದ ಅಕ್ಕಿ ಒಳಗಿಟ್ಟಳು. ಇನ್ನು ಒಂದು ಬದಿ, ಒಂದು ಗಂಟು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೌದಿ ಮಡಿಸತೊಡಗಿದಳು.

ತಡೆಯಲಾಗಲಿಲ್ಲ, ಗಂಟು ಹಾಕುವುದಿಲ್ಲವೇ ಎಂದು ಕೇಳಿಬಿಟ್ಟೆ.

“ಹಾಕಿದ್ರೆ ಮುಗ್ದೋಯ್ತಲ್ಲ ಮೇಡಂ. ಬರೋ ವಾರ ನೋಡೋಣ.”

ಇಷ್ಟು ವಾರ ಚೀಟಿಯಿಲ್ಲದೆಯೇ ಬೀರುವಿನಲ್ಲಿ ಇಡುತ್ತಿದ್ದೆ, ಆವತ್ತು ಚೀಟಿ ಬೇಕು ಅನ್ನಿಸಿತು. ಹಳೆಯ ಚೀಟಿಯನ್ನು ನಾನು ಎಂದೋ ಹರಿದು ಹಾಕಿದ್ದೆ. ಹೊಸದೊಂದು ಬರೆದೆ. ಚಂದ್ರಮ್ಮ, ಓಕಳಿಪುರಂ. ಕೆಳಗೆ ಬರ್ತಾರೆ ಎಂದು ಬರೆದು ಪಿನ್ನು ಹಾಕಿದೆ. ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟಾಪಿಗೆ ನಡೆದೆ.

ತುಕ್ಕು ಸೂಜಿಯನ್ನು ಅವಳಿಗೆ ಕೊಡುವುದು ಪ್ರತಿ ವಾರ ಮರೆತುಹೋಗುತ್ತಿದೆ. ಮೊನ್ನೆ ಬೆರಳಿಗೆ ಚುಚ್ಚಿದಾಗ ಈ ಸಲವಾದರೂ ನೆನಪಿರಲಿ ಎಂದು ಕಿತ್ತು, ಕ್ಯಾಲೆಂಡರಿನಲ್ಲೇ ಸ್ವಲ್ಪ ಸರಿಸಿ, ಬರುವ ಶುಕ್ರವಾರದ ಮೇಲೆ ಚುಚ್ಚಿದೆ. ಏಕಾದಶಿ ನೋಡುವುದು ಮರೆತೇ ಹೋಯಿತು.